ಹರವಿಯ ಬಾಯಿಗೆ ಕಟ್ಟಿದ ಬಟ್ಟೆ

ಮಕ್ತಲ್‌ನ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಮೇಲೆ ಅಜ್ಜಿಯದೇ ರಾಜ್ಯಭಾರ. ನಿಜಾಮರ ಕಾಲ, ಊರಿಗಿನ್ನೂ ನಲ್ಲಿ ಬಂದಿರಲಿಲ್ಲ. ಮೆಟ್ಟಿಲ ಬಾವಿಯಿಂದ ತಂದ ಕೊಡವನ್ನು ಆಕೆಯ ಕೈಗೇ ಕೊಡಬೇಕು. ತೀರಿಹೋದ ಅಜ್ಜನ ಹಳೆಯ ಧೋತರದ ತುಂಡನ್ನು ಮಣ್ಣಿನ ಹರವಿಯ ಬಾಯಿಗೆ ಕಟ್ಟಿ, ಆಕೆಯೇ ನೀರು ಸೋಸುವಳು. ಆ ತುಂಡನ್ನು ಬೇರೆಯವರು ಒಗೆಯುವ ಹಾಗೂ ಇರಲಿಲ್ಲ. ಅಷ್ಟು ಮೊಂಡು ಹೆಂಗಸನ್ನು ನಾನು ಆಮೇಲೆ ಕಂಡಿಲ್ಲ. ಆದರೂ ಆಕೆಯೆಂದರೆ ನನಗೆ ಜೀವ.

ಒಂದು ಬೇಸಿಗೆ ಅವ್ವನ ಕಾಲಿಗೆ ನಾರುಹುಣ್ಣಾಯಿತು. ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ದಾರದ ಹಾಗೆ ಬೆಳೆದು, ಚರ್ಮ ಒಡೆದುಕೊಂಡು ಹೊರಬರುವ ರೋಗವದು. ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ಮಳೆ ಬೀಳುವವರೆಗೂ ಅವ್ವ ಗೋಡೆ ಹಿಡಿದೇ ನಡೆದಳು. ಆಗ ನನ್ನ ತಮ್ಮ ಎದೆಹಾಲು ಬಿಟ್ಟು ನೀರು ಕುಡಿಯಲು ಶುರುಮಾಡಿದ್ದ ಕೂಸು. ಈ ಹುಳು ಕೂಸಿನ ಹೊಟ್ಟೆ ಸೇರೀತೆಂಬ ಹೆದರಿಕೆಗೆ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ದವಾಖಾನೆಯ ಡಾಕ್ಟರು ನೀರು ಸೋಸಿ ಕುಡಿಯಿರಿ ಎಂದಿದ್ದು ಕೇಳಿ ಅಜ್ಜಿ ಕೆಂಡವಾದಳು.

"ನಾವೇನು ಸೋಸದ ಕುಡಿತೀವೇನು? ನಿಮ್ಮಪ್ಪ ಹುಟ್ಟಿದಾಗಿಂದ ಸೋಸಾಕತ್ತೀನಿ!" ಎಂದು ನನ್ನ ಮೇಲೆ ಹರಿಹಾಯ್ದಳು. ನಾನೇನು ಮಾಡಿದ್ದೆನೋ ಇವತ್ತಿಗೂ ತಿಳಿಯದು.

ಕಿರಾಣಿ ಅಂಗಡಿಯ ಮಾಲು ತರಲು ರಾಯಚೂರಿಗೆ ಹೋಗಿದ್ದ ಅಪ್ಪ, ಒಂದರ ಮೇಲೊಂದು ಮೂರು ಗಡಿಗೆ ಕೂರಿಸುವ ಕಟ್ಟಿಗೆಯ ಚೌಕಟ್ಟು ತಂದ. ಮೇಲಿನದರಲ್ಲಿ ಮರಳು, ನಡುವಿನದರಲ್ಲಿ ಇದ್ದಿಲು, ಕೆಳಗಿನದರಲ್ಲಿ ಕುಡಿಯುವ ನೀರು. ಅಂಗಡಿಗೆ ಬಂದವರಿಗೆಲ್ಲ ಒಳಗೆ ಕರೆದು ತೋರಿಸಿದ. ನೀರು ಮಾತ್ರ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

"ಇದು ತುಂಬೋದ್ರಾಗ ನಾ ರಾಯಚೂರಿಗೆ ನಡಕೋತ ಹೋಗಿ ಬರ್ತೀನಿ," ಎಂದಳು ಅಜ್ಜಿ. ಅಪ್ಪ ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಹೋದ. ಎಲ್ಲರೂ ಮತ್ತೆ ಹರವಿಯ ನೀರನ್ನೇ ಕುಡಿದೆವು.

ಅವ್ವ ಜಗಳಕ್ಕಿಳಿಯುವವಳಲ್ಲ. ಒಂದು ಬೆಳಗ್ಗೆ ಅಜ್ಜಿ ಸೋಸಿಟ್ಟ ನೀರನ್ನೇ ಬಿಳಿಯ ಪಿಂಗಾಣಿ ತಟ್ಟೆಗೆ ಬಗ್ಗಿಸಿ, ಅಂಗಳದ ಬಿಸಿಲಿನಲ್ಲಿಟ್ಟಳು.

"ಅತ್ತೀ, ಸ್ವಲ್ಪ ಇಲ್ಲಿ ನೋಡ್ರಿ."

ಅಜ್ಜಿ ಬಗ್ಗಿದಳು, ನಾನೂ ಬಗ್ಗಿದೆ. ನೀರಿನಲ್ಲಿ ಚುಕ್ಕಿಯಷ್ಟು ಸಣ್ಣ ಜೀವಗಳು ಪುಟಪುಟನೆ ಜಿಗಿಯುತ್ತಿದ್ದವು. ಅಜ್ಜಿ ಧೋತರದ ತುಂಡನ್ನು ಬಿಚ್ಚಿ ಬಿಸಿಲಿಗೆ ಹಿಡಿದಳು. ಒಗೆದು ಒಗೆದು ನೇಯ್ಗೆ ಸಡಿಲಾಗಿತ್ತು. ಆಚೆಯಿಂದ ಅವಳ ಬೆರಳುಗಳು ಕಾಣುತ್ತಿದ್ದವು.

"ಹಂಗಾರ ನಿನ್ನ ಕಾಲಿಗೆ ನಾರು ತಂದಾಕಿ ನಾನ ಏನವ್ವಾ?"

"ಹಂಗನಬ್ಯಾಡ್ರಿ. ಬಾವಿ ನೀರು ತಂದೈತಿ."

ಆ ಮಧ್ಯಾಹ್ನ ಅಜ್ಜಿ ಉಣ್ಣಲಿಲ್ಲ. ಧೋತರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಹಳ ಹೊತ್ತಿನ ಮೇಲೆ ಎದ್ದು, ತನ್ನ ಪೆಟ್ಟಿಗೆ ತೆರೆದು, ನಾರಾಯಣಪೇಟೆಯ ಮಗ್ಗದಲ್ಲಿ ಹೇಳಿ ನೇಯಿಸಿದ್ದ ಬಿಳಿಯ ಸೀರೆ ತೆಗೆದಳು. ಒತ್ತು ನೇಯ್ಗೆ, ಮಡಿಕೆ ಬಿಚ್ಚಿರದ ಸೀರೆ. ಅದು ಯಾತಕ್ಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ತಾನು ಸತ್ತಾಗ ಉಡಿಸಲೆಂದು ಆಕೆ ಇಟ್ಟುಕೊಂಡದ್ದು.

"ಯವ್ವಾ, ಅದು ಬ್ಯಾಡ," ಎಂದು ಅಪ್ಪ ಅಡ್ಡ ಬಂದ.

"ನನಗಿನ್ನೂ ಹೋಗಾಕ ಪುರಸೊತ್ತಿಲ್ಲ. ಮೊದಲು ಕೂಸಿಗೆ ನೀರು ಕುಡಸ್ರಿ," ಎಂದು ಸೀರೆಯನ್ನು ಪರ್ರನೆ ಹರಿದಳು.

ಗಂಜಿ ಹೋಗುವಂತೆ ಒಗೆದು, ಎರಡು ಪದರ ಮಾಡಿ ಹರವಿಗೆ ಕಟ್ಟಿದರು. ಅವ್ವ ಮತ್ತೆ ತಟ್ಟೆಗೆ ನೀರು ಬಗ್ಗಿಸಿದಳು. ಏನೂ ಅಲುಗಲಿಲ್ಲ. ಬಟ್ಟೆ ತಿರುವುಮುರುವಾದರೆ ಹಿಡಿದ ಹುಳುಗಳೆಲ್ಲ ಮತ್ತೆ ಹರವಿಗೇ ಬೀಳುತ್ತವೆಂದು, ಅಜ್ಜಿ ಮೇಲಿನ ಮಗ್ಗುಲಿಗೆ ಕೆಂಪು ದಾರದ ಗುರುತು ಹಾಕಿದಳು. ಒಂದು ತುಂಡು ಸವೆದರೆ ಇನ್ನೊಂದು ಹರಿಯುವಳು. ಹಾಗೆ ಆ ಸೀರೆ ಪೂರ್ತಿ ನಮ್ಮ ಮನೆಯ ನೀರಿಗೇ ಹೋಯಿತು. ಈಗಲೂ ಹರವಿಯ ತಣ್ಣೀರು ಕುಡಿದಾಗ ಆ ಒದ್ದೆ ಹತ್ತಿಯ ವಾಸನೆ ಬಂದೀತೇನೋ ಎಂದು ನನ್ನ ಮೂಗು ಹುಡುಕುತ್ತದೆ.

ಅಜ್ಜಿ ಹೋದಾಗ ಅಪ್ಪ ನಾರಾಯಣಪೇಟೆಗೆ ಮನುಷ್ಯನನ್ನು ಓಡಿಸಿ ಬೇರೆ ಸೀರೆ ತರಿಸಿದ. ಅದು ಬರುವವರೆಗೂ ಎಲ್ಲರೂ ಕಾಯಬೇಕಾಯಿತು. ತಮ್ಮ ಆಗ ಮೀಸೆ ಚಿಗುರುತ್ತಿದ್ದ ಹುಡುಗ, ನಾರು ಎಂದರೇನೆಂದೇ ತಿಳಿಯದ ಕಾಲುಗಳು ಅವನವು. ಸ್ಮಶಾನದ ದಾರಿಯುದ್ದಕ್ಕೂ ಹೆಗಲು ಬದಲಿಸಲು ಒಪ್ಪದೆ, ಅಜ್ಜಿಯನ್ನು ಹೊತ್ತುಕೊಂಡೇ ನಡೆದ.