ಅಣ್ಣನ ಮಷಿನ್

ಮೂಡಲಗಿಯ ಹತ್ತಿರದ ಒಂದು ಸಣ್ಣ ಸಕ್ಕರೆ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕ್ಲಾರ್ಕ್ ಆಗಿದ್ದೆ. ಮಾಲೀಕರಿಗೆ ಗೋಕಾಕದ ಬಳಿ ಒಂದು, ಹುಕ್ಕೇರಿಯ ಬಳಿ ಒಂದು, ಹೀಗೆ ಅಂಥವೇ ಇನ್ನೆರಡು ಇದ್ದವು. ತೊಂಬತ್ತರ ದಶಕದ ಕೊನೆಗೆ ಮೂರೂ ಕಡೆ ಕಂಪ್ಯೂಟರ್ ಬಂತು. ಒಂದೇ ಪಂಪಿಗೆ ಮೂರು ಕಡೆ ಮೂರು ಹೆಸರಿದ್ದರೆ ತಾಳೆ ಹಾಕುವುದು ಹೇಗೆ? ಎಲ್ಲ ಯಂತ್ರಗಳಿಗೂ ಎಲ್ಲ ಕಡೆಯೂ ಒಂದೇ ಹೆಸರಿರುವ ಪಟ್ಟಿ ಮಾಡಿ ಹಂಚಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಗೋಕಾಕದಲ್ಲಿ ಆರು ವಾರ ಕಂಪ್ಯೂಟರ್ ಕಲಿತಿದ್ದ ನನ್ನ ಕೊರಳಿಗೇ ಆ ಕೆಲಸ ಬಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನದು ಅರ್ಧ ಕೊಡ, ಹೋದಲ್ಲೆಲ್ಲ ಚೆಲ್ಲುತ್ತಿದ್ದೆ.

ನಮ್ಮಲ್ಲಿ ಯಂತ್ರಗಳಿಗೆ ಕೆಲಸಗಾರರೇ ಹೆಸರಿಡುತ್ತಿದ್ದರು. ಯಾವ ಊರಿನವರು ಕೂರಿಸಿದರೋ ಆ ಊರಿನ ಹೆಸರು: ನಾಗನೂರ ಪಂಪು, ಮೇಲವಂಕಿ ಬಾಯ್ಲರ್. ಯಾರನ್ನಾದರೂ ಬಲಿ ತೆಗೆದುಕೊಂಡ ಯಂತ್ರಕ್ಕೆ ಮಾತ್ರ ಆ ಮನುಷ್ಯನ ಹೆಸರು. ಹೊಸಬರಿಗೆ ಮೊದಲು ಅವನ ಕಥೆ ಹೇಳಿ, ಆಮೇಲೆ ಅದರ ಮುಂದೆ ನಿಲ್ಲಿಸುತ್ತಿದ್ದರು. ಖಂಡೇನವಮಿಯ ಆಯುಧಪೂಜೆಗೆ ಅಲ್ಲಿ ಎರಡು ತೆಂಗಿನಕಾಯಿ ಒಡೆಯುತ್ತಿದ್ದರು, ಒಂದು ಯಂತ್ರಕ್ಕೆ, ಒಂದು ಅವನಿಗೆ.

ಸಕ್ಕರೆಯಿಂದ ಕಾಕಂಬಿ ಬೇರ್ಪಡಿಸಲು ಗಿರಗಿರನೆ ತಿರುಗುವ ನಾಲ್ಕು ಸೆಂಟ್ರಿಫ್ಯೂಗಲ್ ಯಂತ್ರಗಳಿದ್ದವು. ನಾಲ್ಕನೆಯದೇ ಅಣ್ಣನ ಮಷಿನ್. ಎಷ್ಟು ಸಲ ರಿಪೇರಿ ಮಾಡಿದರೂ ತಿಂಗಳೊಳಗೆ ಅದರ ಬ್ರೇಕು ಸಡಿಲಾಗುತ್ತಿತ್ತು. ನಿಂತಿತು ಅನ್ನಿಸಿದ ಮೇಲೂ ಒಳಗಿನ ಬುಟ್ಟಿ ತಿರುಗುತ್ತಿತ್ತು. ನಿಂತಿದೆಯೆಂದೇ ನಂಬಿ ಕೈ ಹಾಕಿದ ಒಬ್ಬ ಉಳಿಯಲಿಲ್ಲ. ಅವನು ನಮ್ಮ ಫಿಟ್ಟರ್ ಕಾಕಾನ ಅಣ್ಣ, ಕೆಲಸಗಾರರೆಲ್ಲರ ಬಾಯಲ್ಲೂ ಅಣ್ಣನೇ. ಕಾಕಾ ಕುರಿ ಕಾಯುವುದು ಬಿಟ್ಟು ಅವನ ಬೆನ್ನು ಹಿಡಿದೇ ಕಾರ್ಖಾನೆಗೆ ಬಂದವನು.

ಪಟ್ಟಿಯಲ್ಲಿ ಯಂತ್ರದ ಸ್ಥಿತಿ ಹೇಳಲು ಮೂರೇ ಶಬ್ದ ಆರಿಸಿದ್ದೆ: ಗುಡ್, ರಿಪೇರಿ, ಸ್ಕ್ರ್ಯಾಪ್. ಷರಾ ಬರೆಯುವ ಜಾಗವನ್ನು ನಾನೇ ತೆಗೆದುಹಾಕಿದ್ದೆ. ಒಬ್ಬೊಬ್ಬರು ಒಂದೊಂದು ಗೀಚಿದರೆ ಪಟ್ಟಿಯ ಅಂದ ಕೆಡುತ್ತದಂತೆ! ಕಾಕಾ ಸ್ಟೋರಿಗೆ ಬಂದು ನಿಂತ.

“ತಮ್ಮಾ, ಉಳದ ಹೆಸರೆಲ್ಲಾ ತಗಿ. ಅಣ್ಣನ ಹೆಸರೊಂದ ಇರ್ಲಿ. ಅದನ್ನ ಕೇಳಿದ್ರ ಮಂದಿ ಹುಷಾರಾಗ್ತಾರ.”

“ಕಂಪ್ಯೂಟರಿಗೆ ಅಣ್ಣ ತಮ್ಮ ಗೊತ್ತಾಗೂದಿಲ್ಲ ಕಾಕಾ,” ಅಂದು ನಕ್ಕೆ. ಆ ವಾರವಷ್ಟೇ ಬ್ರೇಕು ರಿಪೇರಿಯಾಗಿತ್ತು. ‘ಸೆಂಟ್ರಿಫ್ಯೂಗಲ್ ನಾಲ್ಕು, ಗುಡ್’ ಎಂದು ಟೈಪು ಹೊಡೆದು ಸಹಿ ಮಾಡಿ ಕಳಿಸಿದೆ. ಪಟ್ಟಿ ಚೆನ್ನಾಗಿದೆಯೆಂದು ಸಾಹೇಬರು ಬೆನ್ನು ತಟ್ಟಿದರು.

ಎರಡು ವರ್ಷದ ಮೇಲೆ ಹುಕ್ಕೇರಿಗೆ ಅಂಥದೊಂದು ಯಂತ್ರ ಬೇಕಾಯಿತು. ಅವರು ಪಟ್ಟಿ ನೋಡಿ ನಮ್ಮ ನಾಲ್ಕನೆಯದನ್ನು ಆರಿಸಿ ಲಾರಿಗೆ ಹಾಕಿಸಿಕೊಂಡರು. ರಜೆ ಮುಗಿಸಿ ಬಂದ ಕಾಕಾ ಖಾಲಿ ಕಟ್ಟೆ ನೋಡಿ ಕೇಳಿದ್ದು ಒಂದೇ ಮಾತು: “ಅಲ್ಲಿ ಮಂದಿಗೆ ಯಾರರೇ ಹೇಳ್ಯಾರೇನ ತಮ್ಮಾ?”

ಯಾರೂ ಹೇಳಿರಲಿಲ್ಲ. ಎರಡು ರವಿವಾರ ಅವನೇ ಬಸ್ಸು ಹತ್ತಿ ಹುಕ್ಕೇರಿಗೆ ಹೋದ. ಗೇಟಿನವನು ಒಳಗೆ ಬಿಡಲಿಲ್ಲ. ಮೂರನೆಯ ಸಲ ನನ್ನನ್ನು ಕರೆದುಕೊಂಡು ಹೋದ. ಸ್ಟೋರ್ ಕ್ಲಾರ್ಕ್ ಅಂದದ್ದಕ್ಕೆ ಒಳಗೆ ಬಿಟ್ಟರು.

ಯಂತ್ರಕ್ಕೆ ಹೊಸ ಹಸಿರು ಬಣ್ಣ ಬಳಿದಿದ್ದರು. ಅದರ ಮುಂದೆ ಮೂವರು ಕೆಲಸಗಾರರಿದ್ದರು. “ನಿಂತೈತಿ ಅಂತ ಕೈ ಹಾಕಬ್ಯಾಡ್ರಪಾ, ಒಳಗ ತಿರಗತಿರ್ತೈತಿ. ನಮ್ಮಣ್ಣ ಇದರಾಗ ಹೋದಾಂವ,” ಅಂದ ಕಾಕಾ. ಸೂಪರ್‌ವೈಸರ್ ನನ್ನ ಪಟ್ಟಿಯ ಕಾಗದ ತಂದು ಬೆರಳಿಟ್ಟು ತೋರಿಸಿದ. “ಇದರಾಗ ಗುಡ್ ಅಂತ ಐತ್ರಿ. ಮಂದೀನ ಯಾಕ ಹೆದರಸ್ತೀರಿ?”

ಕಾಕಾನಿಗೆ ಓದಲು ಬರುತ್ತಿರಲಿಲ್ಲ. ಆದರೆ ಸ್ಟೋರಿನ ಚೀಟಿಗಳಲ್ಲಿ ವರ್ಷಗಟ್ಟಲೆ ನೋಡಿದ ನನ್ನ ಸಹಿ ಗೊತ್ತಿತ್ತು. ಅವನ ಮುಖ ಅರಳಿತು. “ಸಹಿ ಇವಂದ ಐತಿ ನೋಡ್ರಿ! ಖರೆ ಏನಂತ ಇವನ ಹೇಳ್ತಾನ.”

ಎಲ್ಲರೂ ನನ್ನ ಕಡೆ ತಿರುಗಿದರು. ಬರೆದದ್ದು ತಪ್ಪು ಅಂದರೆ ಸಾಕಿತ್ತು. ಒಂದು ಸಾಲು ತಪ್ಪೆಂದರೆ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ, ಬೆನ್ನು ತಟ್ಟಿದ ಸಾಹೇಬರೇ ಬೈಯುತ್ತಾರೆ ಎಂದು ಹೆದರಿದೆ. “ನಾ ಬರದಾಗ ಚಲೋನ ಇತ್ರಿ,” ಅಂದುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಾಜೂ ಜಾಗವಿದ್ದರೂ ಕಾಕಾ ಹಿಂದೆ ಹೋಗಿ ನಿಂತುಕೊಂಡ. ಆ ಯಂತ್ರದ ಮುಂದಿದ್ದ ಮೂವರಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.