ಬಿಚ್ಚಿಕೊಂಡ ರೇಷ್ಮೆ ಫ್ರಾಕು

ಅದು ೧೯೬೭ರ ಬೇಸಿಗೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಹನೂರಿನ ಶಾಲೆಯೊಂದಕ್ಕೆ ಟೀಚರಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಒಂಟಿ ಹೆಣ್ಣಿಗೆ ಮನೆ ಕೊಡುವವರು ಆಗ ಕಡಿಮೆ. ಮೂರು ಕಡೆ ಇಲ್ಲವೆನ್ನಿಸಿಕೊಂಡ ಮೇಲೆ, ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದ ಒಂದು ಮನೆಯವರು ತಮ್ಮ ಅಂಗಳದ ಮೂಲೆಯ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಅಂಗಳದ ಒಂದು ಕಡೆ ಮನೆ, ಎದುರಿಗೆ ಮಿಲ್ಲು. ಬೆಳಗಿನಿಂದ ಸಂಜೆಯವರೆಗೂ ಆಯಿಲ್ ಇಂಜಿನ್ನಿನ ಸದ್ದು. ಮೊದಮೊದಲು ತಲೆನೋವು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಆ ಮನೆಯ ಹಿರಿಯ ಸೊಸೆ ಮಹದೇವಮ್ಮ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಿಲ್ಲನ್ನು ಮೈದುನ ನಡೆಸುತ್ತಿದ್ದರು. ಮೈದುನನ ಹೆಂಡತಿ ಗೌರಮ್ಮ. ಅವರಿಗೆ ಒಬ್ಬಳೇ ಮಗಳು, ನಾಲ್ಕು ವರ್ಷದ ರತ್ನ. ಹೆತ್ತವಳು ಗೌರಮ್ಮನಾದರೂ, ಆ ಮಗು ಎದ್ದ ಕೂಡಲೇ ಹುಡುಕುತ್ತಿದ್ದುದು ದೊಡ್ಡವ್ವ ಮಹದೇವಮ್ಮನನ್ನು. ಗೌರಮ್ಮನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ.

ಆ ವರ್ಷದ ಬಿಸಿಲಿಗೆ ರತ್ನಳ ಮೈಯೆಲ್ಲಾ ಬೆವರುಸಾಲೆ. ಯಾವ ಬಟ್ಟೆ ಹಾಕಿದರೂ ಕೆರೆದುಕೊಂಡು ಅಳುತ್ತಿದ್ದಳು. ನನ್ನ ಹತ್ತಿರ ಕಾಲೇಜಿನ ಗೆಳತಿಯೊಬ್ಬಳು ಕೊಟ್ಟಿದ್ದ ಇಂಗ್ಲಿಷ್ ಪತ್ರಿಕೆಯೊಂದಿತ್ತು. ಅದರಲ್ಲಿ ಮಕ್ಕಳಿಗೆಂದು ಕ್ರೋಶ ಕಡ್ಡಿಯಲ್ಲಿ ಹೆಣೆದ, ಮೈತುಂಬ ಹೂವಿನಂಥ ತೂತುಗಳಿದ್ದ ಬೇಸಿಗೆ ಫ್ರಾಕಿನ ಚಿತ್ರವಿತ್ತು. ಮಹದೇವಮ್ಮನಿಗೆ ತೋರಿಸಿದೆ.

"ಇದ ಆಕುದ್ರೆ ಮಗೀಗೆ ಗಾಳಿ ಆಡ್ತದೆ ಕಣವ್ವ," ಎಂದು ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಹನೂರಿನ ಅಂಗಡಿಗಳಲ್ಲಿ ಲೇಸಿನ ನೂಲು ಸಿಗಲಿಲ್ಲ. ಅವರ ತವರು ಕೊಳ್ಳೇಗಾಲ. ಅಲ್ಲಿ ಅಣ್ಣನ ಮನೆಯಲ್ಲಿ ಮಗ್ಗವಿತ್ತು. ಹೋಗಿ ಮಗ್ಗದಲ್ಲಿ ಉಳಿದಿದ್ದ ರೇಷ್ಮೆ ಎಳೆಗಳನ್ನು ನಾಲ್ಕು ನಾಲ್ಕು ಸೇರಿಸಿ ಹುರಿ ಮಾಡಿಸಿಕೊಂಡು ಬಂದರು. ಬೇರೆ ಊರಿನವರಾಗಿದ್ದರೆ ಹತ್ತಿ ನೂಲಿಗಾಗಿ ಕಾಯುತ್ತಿದ್ದರೋ ಏನೋ. ಕೊಳ್ಳೇಗಾಲದವರಿಗೆ ರೇಷ್ಮೆಯೇ ನೂಲು.

ಬೇಸಿಗೆಯಲ್ಲಿ ಶಾಲೆ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ನಾನು ಪತ್ರಿಕೆ ಓದಿ ಹೇಳುವುದು, ಅವರು ಹೆಣೆಯುವುದು. "ಐದು ಸರಪಳಿ, ಎರಡು ಮನೆ ಬಿಟ್ಟು ಒಂದು ಕಂಬ, ಮತ್ತೆ ಐದು ಸರಪಳಿ" ಎಂದು ನಾನು ತಡವರಿಸುವಷ್ಟರಲ್ಲಿ ಅವರ ಕಡ್ಡಿ ಸಾಲು ಮುಗಿಸಿರುತ್ತಿತ್ತು.

"ಈ ಇಂಗ್ಲೀಸ್ನೋರು ಒಂದು ಊವಿಗೆ ಇಷ್ಟುದ್ದ ಬರೀತಾರಾ ಟೀಚರಮ್ಮ? ಓದ್ಬೇಡಿ ಬುಡಿ, ನಿಮ್ಗೂ ಬಾಯಾರ್ತದೆ."

ಗೌರಮ್ಮ ಅಡುಗೆಮನೆಯಿಂದಲೇ ಕೆಣಕುತ್ತಿದ್ದರು. "ಅಕ್ಕಾ, ಮೀನಿಡಿಯೋ ಬಲೆ ಎಣೀತಿದ್ದೀರಾ?"

"ಊ ಕಣವ್ವ. ನಿನ್ ಮಗ್ಳೂ ಮೀನಿನ ಮರೀನೇ ಅಲ್ವಾ, ನಿಂತ ಕಡೆ ನಿಲ್ತಾಳಾ?"

ಕುತ್ತಿಗೆಯಿಂದ ಶುರುವಾದ ಫ್ರಾಕು ಎರಡು ತಿಂಗಳಲ್ಲಿ ಮಗುವಿನ ಮೊಣಕಾಲು ಮುಟ್ಟಿತು. ಕೆಳಗಿನ ನಿರಿಗೆಯಲ್ಲಿ ಇನ್ನು ಎರಡೇ ಸಾಲು ಬಾಕಿ. ಆ ದಿನ ಶಾಲೆಗೆ ರಜೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನಗೆ ಆಸೆ ತಡೆಯಲಿಲ್ಲ. "ಒಂದು ಸಲ ಹಾಕಿ ನೋಡೋಣ ಮಹದೇವಮ್ಮನೋರೆ" ಎಂದೆ.

"ಮುಗೀಲಿ ತಡೀರಿ. ನೂಲು ಇನ್ನೂ ಉಂಡೇಲೇ ಅದೆ."

"ಪಿನ್ನು ಹಾಕಿದರಾಯಿತು" ಎಂದು ನಾನೇ ನನ್ನ ಸೆರಗಿನ ಪಿನ್ನು ತೆಗೆದು ಕೊಟ್ಟೆ.

ಕ್ರೋಶದ ಹೆಣಿಗೆಯೆಲ್ಲಾ ಒಂದೇ ಎಳೆ. ಕೊನೆಯ ಕುಣಿಕೆ ಬಿಚ್ಚಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಅದಾಗದಿರಲೆಂದು ಅವರು ಕುಣಿಕೆಗೆ ಪಿನ್ನು ಸಿಕ್ಕಿಸಿ ಅಂಚಿಗೆ ಬಿಗಿಯಾಗಿ ಚುಚ್ಚಿದರು. ಮಗುವಿಗೆ ಫ್ರಾಕು ತೊಡಿಸಿದೆವು. ನೂಲಿನ ಉಂಡೆ ಕೆಳಗೆ ಚೊಂಬಿನಲ್ಲಿತ್ತು. ಕೋಣೆಯಲ್ಲಿ ಬೆಳಕು ಸಾಲದು, ಹೂವು ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ತೋರಿತು. "ಅಂಗಳಕ್ಕೆ ಕರೆದುಕೊಂಡು ಹೋಗೋಣ" ಎಂದವಳೂ ನಾನೇ. ಮಗುವಿನ ಕೈ ಹಿಡಿದು ಹೊರಗೆ ಕರೆತಂದವಳೂ ನಾನೇ.

ಬಿಸಿಲಿಗೆ ಬಂದ ಕೂಡಲೇ ರತ್ನ ಕೈ ಕೊಸರಿಕೊಂಡಳು. ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಸಿದ್ದಣ್ಣನೆಂದರೆ ಅವಳಿಗೆ ಇಷ್ಟ. "ಸಿದ್ದಣ್ಣಾ, ನನ್ ಪ್ರಾಕು ನೋಡು" ಎಂದು ಕೂಗುತ್ತಾ ಮಿಲ್ಲಿನೊಳಗೆ ಓಡಿದಳು. ಉಂಡೆ ಚೊಂಬಿನಿಂದ ಹಾರಿ, ಕುಣಿಯುತ್ತಾ ಅವಳ ಹಿಂದೆಯೇ ಓಡಿತು. ನಾನು ನಗುತ್ತಾ ಬಾಗಿಲವರೆಗೆ ಹೋದೆ.

ಮಿಲ್ಲಿನ ಗೋಡೆಯುದ್ದಕ್ಕೂ ಮೊಣಕಾಲೆತ್ತರದಲ್ಲಿ ಒಂದು ಕಬ್ಬಿಣದ ಸಲಾಕೆ ತಿರುಗುತ್ತಿತ್ತು. ಇಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತಿತ್ತು, ಅದು ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ಅದಕ್ಕೆ ತಡೆ, ಮುಚ್ಚಳ ಏನೂ ಇರಲಿಲ್ಲ. ಉಂಡೆ ಉರುಳಿ ಸಲಾಕೆಯ ಅಡಿಗೆ ಹೋಯಿತು. ನೂಲು ಸಲಾಕೆಗೆ ತಾಗಿತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸುತ್ತಿಕೊಳ್ಳತೊಡಗಿತ್ತು.

ನೂಲು ಫ್ರಾಕಿನ ಅಂಚನ್ನು ಹಿಂದಕ್ಕೆ ಎಳೆಯಿತು. ರತ್ನ ಕುಕ್ಕರಿಸಿ ಕುಳಿತಳು. ಮೊದಲು ಅವಳೂ ಆಟವೆಂದುಕೊಂಡಳೇನೋ, ನಕ್ಕಳು. ಆಮೇಲೆ ಕುಳಿತಂತೆಯೇ ಜಾರತೊಡಗಿದಳು. ನೆಲದ ಮೇಲೆಲ್ಲಾ ರಾಗಿಹಿಟ್ಟಿನ ಪುಡಿ. ಎಷ್ಟು ಕಾಲೂರಿದರೂ ಹಿಡಿತವಿಲ್ಲ. ಹತ್ತಿ ನೂಲಾಗಿದ್ದರೆ ಆಗಲೇ ಕಿತ್ತುಹೋಗಿರುತ್ತಿತ್ತು. ನಾಲ್ಕೆಳೆ ರೇಷ್ಮೆ ಕಿತ್ತುಹೋಗಲಿಲ್ಲ.

ನಾನು ನಿಂತೇ ಇದ್ದೆ. ಮಗುವಿಗೂ ಸಲಾಕೆಗೂ ನಡುವೆ ಎರಡು ಮಾರು, ಆಮೇಲೆ ಒಂದು ಮಾರು. ಅದನ್ನು ನೋಡುತ್ತಲೇ ನಿಂತಿದ್ದೆ.

ನನ್ನನ್ನು ತಳ್ಳಿಕೊಂಡು ಮಹದೇವಮ್ಮ ಒಳಗೆ ನುಗ್ಗಿದರು. ಒಂದು ತೋಳಿನಿಂದ ಮಗುವಿನ ಸೊಂಟ ಬಳಸಿದರು. ಇನ್ನೊಂದು ಕೈಯಿಂದ ನೂಲು ಹಿಡಿದು ಕೀಳಲು ನೋಡಿದರು. ಅದು ಅಂಗೈಯನ್ನೇ ಕೊಯ್ದಿತು. ಅವರೂ ಜಾರಿ ಬಿದ್ದರು. ಇಬ್ಬರೂ ಸೇರಿ ಸಲಾಕೆಯ ಕಡೆಗೆ ಹೋಗುವುದನ್ನು ಕಂಡೆ. ಆಗ ಅವರು ನೂಲು ಬಿಟ್ಟು ಅಂಚನ್ನು ತಡಕಿದರು. ರಕ್ತದ ಕೈ, ಹಿಟ್ಟಿನ ಕೈ, ಪಿನ್ನು ಜಾರುತ್ತಿತ್ತು. ಕೊನೆಗೆ ಹಲ್ಲಿನಿಂದ ಕಚ್ಚಿ ಅದನ್ನು ಎಳೆದುಬಿಟ್ಟರು.

ಕುಣಿಕೆ ಬಿಚ್ಚಿತು. ಎಳೆತ ನಿಂತಿತು. ಮಗುವನ್ನು ಎದೆಗವಚಿಕೊಂಡು ಅವರು ಕುಳಿತಲ್ಲೇ ಹಿಂದಕ್ಕೆ ಸರಿದರು. ನೂಲು ಸರ್ರನೆ ಸಲಾಕೆಯ ಕಡೆಗೆ ಓಡುತ್ತಿತ್ತು, ನಿರಿಗೆ ಸಾಲು ಸಾಲಾಗಿ ಕರಗುತ್ತಿತ್ತು.

"ಇಂಜನ್ ನಿಲ್ಸೂ ಅನ್ರವ್ವಾ!" ಎಂದು ಅವರು ಕಿರುಚಿದಾಗ ನನಗೆ ಕಾಲು ಬಂತು. ಸಿದ್ದಣ್ಣ ಆ ತುದಿಯಲ್ಲಿ ಬೆನ್ನು ಮಾಡಿ ರಾಗಿ ಸುರಿಯುತ್ತಿದ್ದ. ಆ ಸದ್ದಿನಲ್ಲಿ ಅವನಿಗೇನೂ ಕೇಳಿಸಿರಲಿಲ್ಲ. ಓಡಿಹೋಗಿ ಬೆನ್ನಿಗೆ ಗುದ್ದಿದೆ. ಅವನು ತಿರುಗಿ ನೋಡಿ, "ಅಯ್ಯೋ ಮಾದಪ್ಪಾ" ಎನ್ನುತ್ತಾ ಇಂಜಿನ್ನಿಗೆ ಹಾರಿದ. ಅದು ಪೂರ್ತಿ ನಿಲ್ಲಲು ಒಂದು ನಿಮಿಷವಾದರೂ ಹಿಡಿದಿರಬೇಕು.

ಸದ್ದು ಅಡಗಿದ ಮೇಲೆ ಮಗುವಿನ ದನಿ ಕೇಳಿಸಿತು. "ದೊಡ್ಡವ್ವ, ನನ್ ಪ್ರಾಕು ಓಯ್ತಾ ಅದೆ."

"ಓಗ್ಲಿ ಬುಡು ಕಂದ. ಓಗ್ಲಿ ಬುಡು."

ಇಂಜಿನ್ನು ನಿಂತದ್ದು ಕೇಳಿ ಗೌರಮ್ಮ ಓಡಿ ಬಂದರು. ರಕ್ತ, ಹಿಟ್ಟು, ಸಲಾಕೆಗೆ ಸುತ್ತಿದ ನೂಲು ನೋಡಿದ ಕೂಡಲೇ ಅವರಿಗೆ ಎಲ್ಲಾ ಅರ್ಥವಾಯಿತು. ಮಗುವನ್ನು ಕಿತ್ತುಕೊಂಡು, "ನೂಲಿನ ಸಮೇತ ಇಲ್ಗೆ ಕರ್ಕಬಂದೋರ್ಯಾರು?" ಎಂದು ಕೂಗಿದರು.

ನಾನು ಬಾಯಿ ತೆರೆಯುವ ಮೊದಲೇ ಮಹದೇವಮ್ಮ, "ನಾನೇ ಕಣವ್ವ" ಎಂದರು.

"ಎತ್ತಿದ್ರೆ ಗೊತ್ತಾಗದು ನಿಮ್ಗೆ," ಎಂದುಬಿಟ್ಟರು ಗೌರಮ್ಮ. ಹೆತ್ತಿದ್ದರೆ ತಿಳಿಯುತ್ತಿತ್ತು ಎಂಬ ಆ ಮಾತು ಬಿದ್ದಾಗ ಮಹದೇವಮ್ಮ ತಲೆ ತಗ್ಗಿಸಿ ಅಂಗೈಗೆ ಸೆರಗು ಸುತ್ತಿಕೊಂಡರು. ನಾನು ಸುಮ್ಮನಿದ್ದೆ.

ಮರುದಿನದಿಂದ ರತ್ನ ದೊಡ್ಡವ್ವನ ಕೋಣೆಗೆ ಹೋಗಕೂಡದು ಎಂದಾಯಿತು. ಅವಳು ಹೊಸ್ತಿಲವರೆಗೆ ಬಂದು "ದೊಡ್ಡವ್ವಾ" ಎನ್ನುತ್ತಿದ್ದಳು. ಅವರು ಒಳಗಿನಿಂದ, "ಅವ್ವನ್ತಾವ್ಕೆ ಓಗು ಕಂದ" ಎನ್ನುತ್ತಿದ್ದರು. ಅದನ್ನು ಕೇಳಿಯೂ ನಾನು ಎಂಟು ದಿನ ಪರೀಕ್ಷೆಯ ಪತ್ರಿಕೆ ತಿದ್ದುತ್ತಾ ಕುಳಿತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ. ಹೇಳಿದರೆ ಏನಾದೀತೋ ಎಂಬ ಭಯ.

ಒಂಬತ್ತನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೌರಮ್ಮನಿಗೆ ಎಲ್ಲವನ್ನೂ ಹೇಳಿದೆ. ಪಿನ್ನು ಕೊಟ್ಟವಳು ನಾನು, ಹೊರಗೆ ಕರೆದವಳು ನಾನು, ಮಹದೇವಮ್ಮ ಮುಗಿಯಲಿ ತಡೆಯಿರಿ ಎಂದೇ ಅಂದಿದ್ದರು ಎಂದೆ. ಅವರು ಮುದ್ದೆಕೋಲು ಕೆಳಗಿಟ್ಟು ನನ್ನನ್ನೇ ನೋಡಿದರು.

"ಅವತ್ತೇ ಯಾಕೇಳ್ನಿಲ್ಲ ಟೀಚರಮ್ಮ? ನನ್ ಬಾಯಲ್ಲಿ ಅಂಥಾ ಮಾತು ಬಂದೋಯ್ತಲ್ಲ."

ಅವರು ಮಗುವನ್ನು ಎತ್ತಿಕೊಂಡು, ಅರ್ಧ ಬಿಚ್ಚಿದ ಫ್ರಾಕನ್ನು ಹೆಗಲಿಗೆ ಹಾಕಿಕೊಂಡು ಮಹದೇವಮ್ಮನ ಕೋಣೆಗೆ ಹೋದರು. "ಬ್ಯಾಸ್ಗೆ ಮುಗಿಯೋಕೆ ಮುಂಚೆ ಎಣ್ದುಕೊಡಿ ಅಕ್ಕ" ಎಂದಷ್ಟು ಕೇಳಿಸಿತು. ಆಮೇಲೆ ಇಬ್ಬರೂ ಅಳುವ ಸದ್ದು. ನಾನು ಒಳಗೆ ಹೋಗಲಿಲ್ಲ.

ಸಂಜೆ ಮಹದೇವಮ್ಮನನ್ನು ಕೇಳಿದೆ, ಯಾಕೆ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿರಿ ಎಂದು. ಅವರು ನಕ್ಕರು. "ನಾನು ಈ ಮನೆ ಸೊಸೆ. ನನ್ನ ಬೈಬೋದು, ಆಚೆಗಾಕಕಾಗಲ್ಲ. ನಿಮ್ಮುನ್ನ ಆಕ್ಬೋದು. ಗೊತ್ತಿಲ್ಲದೂರಲ್ಲಿ ಹೆಣ್ಮಗ ಎಲ್ಗೋಗೀರಿ?"

ಅಂಗೈಯ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಆ ಮಾತು ಆಡುವಾಗ ಅವರ ಮುಖದಲ್ಲಿ ಒಂದಿಷ್ಟೂ ದೂರು ಇರಲಿಲ್ಲ.

ಆ ಸಲಾಕೆ, ಜಾರುತ್ತಿದ್ದ ಮಗು ಈಗಲೂ ಕಣ್ಣ ಮುಂದೆ ಬರುತ್ತದೆ. ಆ ಕ್ಷಣ ನಾನು ಕಲ್ಲಾಗಿ ನಿಂತದ್ದಕ್ಕೆ ನನ್ನನ್ನು ಹೇಗೋ ಕ್ಷಮಿಸಿಕೊಂಡಿದ್ದೇನೆ, ಭಯ ಯಾರನ್ನಾದರೂ ಹಾಗೆ ಮಾಡೀತು. ಇಂಜಿನ್ನು ನಿಂತ ಮೇಲೆ, ಯಾವ ಅಪಾಯವೂ ಇಲ್ಲದಾಗ, ಒಬ್ಬ ಹೆಂಗಸು ನನ್ನ ಬದಲಿಗೆ ಬೈಸಿಕೊಳ್ಳುತ್ತಾ ಮಗುವನ್ನು ಹೊಸ್ತಿಲಿನಿಂದ ಹಿಂದಕ್ಕೆ ಕಳಿಸುತ್ತಿದ್ದ ಆ ಎಂಟು ದಿನಗಳನ್ನು ಮಾತ್ರ ಏನು ಮಾಡುವುದೋ ತಿಳಿಯುತ್ತಿಲ್ಲ. ಈಗ ನನ್ನಿಂದ ತಪ್ಪಾದರೆ ಅಲ್ಲೇ, ಆಗಲೇ ಹೇಳಿಬಿಡುತ್ತೇನೆ. ಪ್ರತಿ ಸಲವೂ ಭಯವಾಗುತ್ತದೆ. ಆದರೂ ಹೇಳುತ್ತೇನೆ.