ಹೆಕ್ಟರ್ ಗನ್ ಹಾಕಿದ ಗಂಟು

ಸದರ್ಲ್ಯಾಂಡ್ ಸೀಮೆಯ ನಮ್ಮ ನದಿಯಲ್ಲಿ ಹೆಕ್ಟರ್ ಗನ್ ನಲವತ್ತೊಂದು ವರ್ಷ ಅತಿಥಿಗಳಿಗೆ ಸಾಲ್ಮನ್ ಮೀನು ಹಿಡಿಸಿದವನು. ಕೋಲು ಬೀಸುವವರು ಅವರು. ಗರಿ ಸುತ್ತಿದ ಗಾಳವನ್ನು ದಾರಕ್ಕೆ ಗಂಟು ಹಾಕಿಕೊಡುವವರು ನಾವು, ಎಸ್ಟೇಟಿನ ಆಳುಗಳು. ದಾರ ಕಡಿದರೆ ಅತಿಥಿಯ ತಪ್ಪು, ಗಂಟು ಬಿಚ್ಚಿದರೆ ನಮ್ಮದು. ಕಡಿದ ತುದಿ ನೆಟ್ಟಗಿರುತ್ತದೆ, ಬಿಚ್ಚಿಕೊಂಡದ್ದು ಹಂದಿಬಾಲದ ಹಾಗೆ ಸುರುಳಿ. ಹೆಕ್ಟರನ ಗಂಟು ಬಿಚ್ಚಿದ್ದನ್ನು ಕಂಡವರಿರಲಿಲ್ಲ. ಅವನಿಗೆ ಆ ಜಂಬವೂ ಇತ್ತು, ಇರಲಿ ಬಿಡಿ.

ಎರಡು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ನದಿಯ ಒಡೆಯರಾದ ಎಸ್ಟೇಟಿನವರಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಅದಕ್ಕೇ ಹೆಂಡತಿ ಡೋಲಿನಾ ಬೆಳಿಗ್ಗೆ ಗಂಜಿ ಕುದಿಯುವಷ್ಟರಲ್ಲಿ ಐದಾರು ಗಾಳಗಳಿಗೆ ತುಂಡುದಾರ ಕಟ್ಟಿ ಅವನ ಟೊಪ್ಪಿಗೆಗೆ ಸಿಕ್ಕಿಸಿ ಕಳಿಸುತ್ತಿದ್ದಳು. ಆ ತುಂಡಿನ ಕುಣಿಕೆಯನ್ನು ಕೋಲಿನ ದಾರದ ಕುಣಿಕೆಗೆ ಸೇರಿಸುವುದಕ್ಕೆ ಕಣ್ಣು ಬೇಕಿಲ್ಲ. ಪಕ್ಕದ ಮಡುವಿನಲ್ಲಿ ಕೆಲಸ ಮಾಡುವ ನಾನು ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಸೆಪ್ಟೆಂಬರಿನ ಕೊನೆಯ ದಿನ. ಲೀಡ್ಸ್ ಪಟ್ಟಣದ ಹಲ್ಲಿನ ಡಾಕ್ಟರು ಮಿಸೆಸ್ ಪಿಕರ್ಸ್‌ಗಿಲ್ ಏಳು ವರ್ಷದಿಂದ ಬರುತ್ತಿದ್ದರೂ ಒಂದೂ ಸಾಲ್ಮನ್ ಸಿಕ್ಕಿರಲಿಲ್ಲ. ಅವತ್ತೂ ಟೊಪ್ಪಿಗೆಯ ಗಾಳ ಯಾವುದನ್ನೂ ಮೀನು ಮೂಸಲಿಲ್ಲ. ಆಕೆ ತಮ್ಮ ಡಬ್ಬಿಯಿಂದ ಒಂದು ಪುಟ್ಟ ಕಪ್ಪು ಗಾಳ ತೆಗೆದು, "ಇದನ್ನ ಕಟ್ಟಿಕೊಡಿ ಹೆಕ್ಟರ್," ಎಂದರು.

ಊಟಕ್ಕೆಂದು ಅಲ್ಲಿಗೆ ಹೋಗಿದ್ದ ನಾನು, "ತಾ ಇಲ್ಲಿ," ಎಂದು ಕೈ ಚಾಚಿದೆ.

"ನಿನ್ ಕೆಲ್ಸ ನೋಡ್ಕೊಳಯ್ಯ," ಎಂದು ಹೆಕ್ಟರ್ ತಿರುಗಿ ನಿಂತ. ಬೆರಳಿನ ಅಂದಾಜಿನಲ್ಲೇ ಗಂಟು ಹಾಕಿ, ಎಂಜಲು ಹಚ್ಚಿ ಬಿಗಿದ.

ಮೂರನೇ ಬೀಸಿಗೇ ಮೀನು ಕಚ್ಚಿತು. ಇಪ್ಪತ್ತು ನಿಮಿಷ ಜಗ್ಗಾಡಿ, ನನ್ನ ಕೈಬಲೆಗೆ ಇನ್ನೆರಡು ಮಾರು ಇದೆ ಎನ್ನುವಾಗ ದಾರ ಸಡಿಲವಾಯಿತು.

"ಅಯ್ಯೋ, ನಾನೇ ಜಾಸ್ತಿ ಎಳೆದ್ಬಿಟ್ಟೆ! ನನ್ನ ಕೈಲಾಗೋ ಕೆಲ್ಸ ಅಲ್ಲ ಇದು. ಇನ್ನು ಬರಲ್ಲ," ಎಂದು ಡಾಕ್ಟರು ಅತ್ತೇಬಿಟ್ಟರು.

ಹೆಕ್ಟರ್ ದಾರದ ತುದಿಯನ್ನು ತುಟಿಯ ಮೇಲೆ ಎಳೆದು ನೋಡಿದ. ಸುರುಳಿ. ಅಷ್ಟನ್ನು ಕಚ್ಚಿ ಉಗಿದಿದ್ದರೆ ದಾರ ಕಡಿದದ್ದು ಎಂದೇ ಆಗಿ ಮುಗಿದುಹೋಗುತ್ತಿತ್ತು. ಅವನು ಹಾಗೆ ಮಾಡಲೆಂದು ನಾನು ಮುಖವನ್ನೂ ತಿರುಗಿಸಿದೆ.

"ನೀವು ಸರಿಯಾಗೇ ಆಡಿಸಿದ್ರಿ ಮೇಡಂ. ಬಿಚ್ಕೊಂಡಿದ್ದು ಗಂಟು, ಅದು ನಂದು. ನಂಗೆ ಕಣ್ಣು ಕಾಣ್ಸಲ್ಲ," ಎಂದ.

ಅಲ್ಲಿಂದ ನೇರ ಎಸ್ಟೇಟಿನ ಕಚೇರಿಗೆ ಹೋಗಿ ಅದನ್ನೇ ಹೇಳಿ ಬಂದ. ಸಂಜೆ ನಾನು ಅವನನ್ನು ಮನೆಗೆ ಬಿಡಲು ಹೋದಾಗ ಡೋಲಿನಾ ಕೂಗಾಡಿದಳು: "ಕಚ್ಚಿ ಬಿಸಾಕಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಎರಡು ವರ್ಷ ನಾನು ಒದ್ದಾಡಿದ್ದು ಇದಕ್ಕಾ?"

"ಏಳು ವರ್ಷ ಬಂದಿದಾರೆ ಕಣೆ. ಮೀನು ತಪ್ಪಿದ್ದು ತನ್ನಿಂದ ಅಂತ ಸಾಯೋವರೆಗೂ ಅಂದ್ಕೊಂಡಿರೋರು."

ಡೋಲಿನಾ ಅವನ ಟೊಪ್ಪಿಗೆ ಎಳೆದುಕೊಂಡು, ಬೆಳಿಗ್ಗೆ ತಾನು ಹಾಕಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಲು ಕೂತಳು. ಒಂದೂ ಬಿಚ್ಚಿಕೊಳ್ಳಲಿಲ್ಲ.